ಪಿನ್‌ಬಾಲ್ ಯಂತ್ರದ ಹತ್ತೊಂಬತ್ತು ಐಬು

ಮೊದಲೇ ಹೇಳಿಬಿಡುತ್ತೇನೆ, ಮಾರ್ಕ್ಸ್ ಕೊಡುವುದರಲ್ಲಿ ನಾನು ಕಡು ಜಿಪುಣಿ. ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಕೈಗೆ ಕೆಂಪು ಪೆನ್ನು ಬಂತೆಂದರೆ ಮಕ್ಕಳ ಮುಖ ಸಪ್ಪಗಾಗುತ್ತದೆ. ಹೃದಯದ ಚಿತ್ರ ಎಷ್ಟೇ ಮುದ್ದಾಗಿ ಬರೆದಿರಲಿ, ಬಾಣದ ಗುರುತು ಒಂದು ಕೂದಲು ಆಚೆ ಹೋಗಿದ್ದರೆ ಅರ್ಧ ಮಾರ್ಕು ಕಿತ್ತುಕೊಳ್ಳುವವಳೇ. ಅದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ಇಂಥವಳನ್ನು ಸ್ವಂತ ಗಂಡನ ಕೈಕೆಲಸಕ್ಕೆ ತೀರ್ಪು ಹೇಳು ಅಂತ ಕೂರಿಸಿದರೆ ಏನಾಗಬೇಕೋ ಅದೇ ಆಯಿತು.

ಗಂಡನದು ರೈಲ್ವೆ ಸ್ಟೇಷನ್ನಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳು ಸುಟ್ಟುಹೋದರೆ ಅಲ್ಲಿಗೇ ಬರುವುದು. ಅವರು ಕರಿಯಾದ ಹಳೇ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಓಡುವ ಹಾಗೆ ಮಾಡಿ ಕಳಿಸುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷ, ನಾನು ನೋಡಿಕೊಂಡು ಬಂದದ್ದು ಅದನ್ನೇ. ನಾಲ್ಕು ವರ್ಷದ ಹಿಂದೆ ಮೈಸೂರಿನ ಒಬ್ಬ ಶೋಕಿಯ ಮನುಷ್ಯ ಹಳೆಯ ವಿದೇಶಿ ಪಿನ್‌ಬಾಲ್ ಯಂತ್ರವೊಂದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದ. ಒಳಗಿನ ಕಾಯಿಲುಗಳು, ಅಂದರೆ ತಂತಿಯ ಸುರುಳಿಗಳೆಲ್ಲ, ಸುಟ್ಟಿದ್ದವು. ಮೋಟಾರಿನ ಕಾಯಿಲು ಸುತ್ತುವವರು ಇದನ್ನೂ ಸುತ್ತಬಲ್ಲರು ಅಂತ ಅವನಿಗೆ ಯಾರೋ ಹೇಳಿದ್ದರಂತೆ.

ಪಿನ್‌ಬಾಲ್ ನೋಡದವರಿಗೆ ಎರಡು ಮಾತು. ಗಾಜು ಮುಚ್ಚಿದ ಒಂದು ಇಳಿಜಾರು ಮೇಜು. ಪಕ್ಕದ ಸ್ಪ್ರಿಂಗ್ ಕಡ್ಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಹಾರುತ್ತದೆ, ಅಲ್ಲಿರುವ ಅಣಬೆಯಂಥ ಗೂಟಗಳಿಗೆ ಬಡಿದುಕೊಂಡು, ದೀಪ ಹತ್ತಿಸಿಕೊಂಡು, ಕೆಳಕ್ಕೆ ಉರುಳಿ ಬರುತ್ತದೆ. ಕೆಳತುದಿಯಲ್ಲಿ ಎರಡು ರೆಕ್ಕೆ. ಮೇಜಿನ ಎರಡು ಪಕ್ಕದ ಬಟನ್ ಒತ್ತಿದರೆ ರೆಕ್ಕೆ ಪಟ್ಟನೆ ಎದ್ದು ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಹೊಡೆಯಲಾಗದಿದ್ದರೆ ಗುಂಡು ರೆಕ್ಕೆಗಳ ನಡುವೆಯೋ ಪಕ್ಕದಲ್ಲೋ ಇಳಿದು ಚರಂಡಿ ಪಾಲು. ಇಷ್ಟೇ ಆಟ. ಆದರೆ ಊಟದ ಡಬ್ಬಿ ಕೊಡಲು ಹೋದ ನಾನು ಸೆರಗು ಸಿಕ್ಕಿಸಿಕೊಂಡು ಒಂದು ಗಂಟೆ ನಿಂತೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಆ ಯಂತ್ರ ಎರಡು ತಿಂಗಳು ನಮ್ಮ ಅಂಗಡಿಯಲ್ಲೇ ಇತ್ತು. ಅದು ವಾಪಸು ಹೋಗುವ ಹೊತ್ತಿಗೆ ಗಂಡನ ಪಾಯಿಂಟಿನ ಮೂರರಷ್ಟು ನನ್ನದಾಗಿತ್ತು.

ಅದು ಹೋದ ಮೇಲೆ ಅಂಗಡಿ ಬಿಕೋ ಅನ್ನಿಸಿರಬೇಕು. ಒಂದು ದಿನ ನೋಡಿದರೆ ನಮ್ಮ ಅಟ್ಟದ ಹಳೇ ಹಲಸಿನ ಬಾಗಿಲನ್ನು ಅಳೆಯುತ್ತಿದ್ದಾರೆ. ಅಲ್ಲಿಂದ ಮೂರು ವರ್ಷ. ಮೋಟಾರು ಕೆಲಸ ಇಲ್ಲದಾಗೆಲ್ಲ ಕೊರೆದರು, ಉಜ್ಜಿದರು, ಸುತ್ತಿದರು, ಬಣ್ಣ ಬಳಿದರು. ದೊಡ್ಡ ಕಾರ್ಖಾನೆಯ ಮಾಲಲ್ಲ, ಒಬ್ಬರೇ ಕೂತು ಮಾಡಿದ ಒಂದೇ ಒಂದು ಯಂತ್ರ. ಮೇಲುಗಡೆ ಅಣೆಕಟ್ಟು. ಅಲ್ಲಿಂದ ಒಂದು ತಗಡಿನ ಕಾಲುವೆ. ಕಾಲುವೆಗೆ ನಾಲ್ಕು ತೂಬು, ಒಂದೊಂದು ತೂಬಿನ ಕೆಳಗೂ ಒಂದೊಂದು ಗದ್ದೆಯ ಚಿತ್ರ: ಎರಡು ಭತ್ತ, ಒಂದು ಕಬ್ಬು, ಒಂದು ಹಿಪ್ಪುನೇರಳೆ. ನಮ್ಮ ಕಡೆ ಕಾಲುವೆಯಲ್ಲಿ ನೀರು ಸರದಿಯ ಮೇಲೆ ತಾನೇ ಬರುವುದು? ಆಟವೂ ಹಾಗೆಯೇ. ಯಾವ ತೂಬಿನ ಮೇಲೆ ದೀಪ ಉರಿಯುತ್ತಿದೆಯೋ ಗುಂಡನ್ನು ಅದಕ್ಕೇ ಹೊಡೆಯಬೇಕು. ಸರದಿ ಬಿಟ್ಟು ಬೇರೆ ತೂಬಿಗೆ ಹೊಡೆದರೆ ಪಾಯಿಂಟು ಸೊನ್ನೆ. ನಾಲ್ಕೂ ಗದ್ದೆಗೆ ಸರದಿಯಂತೆ ನೀರು ಹತ್ತಿತೋ, ಅಣೆಕಟ್ಟಿನ ಬಾಗಿಲು ತೆರೆದು ಮೂರು ಗುಂಡು ಒಟ್ಟಿಗೆ ಧುಮುಕುತ್ತವೆ. ಆಗ ನಾನು ಕಿರುಚುವ ಕಿರುಚಿಗೆ ಪಕ್ಕದ ಟಯರ್ ಅಂಗಡಿಯವರು ಎದ್ದು ಬಂದು ನೋಡಿದ್ದುಂಟು.

ಯಂತ್ರ ಮುಗಿದ ದಿನ ಅವರು ಕೈ ಒರೆಸಿಕೊಳ್ಳುತ್ತ ಅಂದರು: "ನೋಡಮ್ಮಿ, ಇದ್ನ ಯಾರಾದ್ರೂ ಇಷ್ಟಪಟ್ಟು ತಗೊಂಡೋದ್ರೆ ಇನ್ನೊಂದು ಮಾಡ್ತೀನಿ. ಯಾರಿಗೂ ಬ್ಯಾಡ ಅಂದ್ರೆ ಮುಗೀತು. ಇನ್ನ ನಂಗೆ ಮೋಟ್ರೇ ಗತಿ. ಐವತ್ತೈದಾಯ್ತು, ಉಚ್ಚಾಟ ಸಾಕು." ನಗುತ್ತಲೇ ಅಂದರು. ಆದರೆ ಅವರು ಅಂದದ್ದನ್ನು ಮಾಡುವ ಪೈಕಿ. ಎಷ್ಟೋ ವರ್ಷದ ಬೀಡಿಯನ್ನು ಒಂದು ಸೋಮವಾರ ಬಿಡ್ತೀನಿ ಅಂದರು, ಬಿಟ್ಟರು.

ಐದಾರು ತಿಂಗಳು ಯಾರೂ ಬರಲಿಲ್ಲ. ಬಂದವರು ನೋಡಿ, ಎರಡು ಗುಂಡು ಹೊಡೆದು, ಮಕ್ಕಳ ಆಟದ ಸಾಮಾನು ಚೆನ್ನಾಗಿದೆ ಅಂದು ಹೋದರು. ಕಡೆಗೆ ಬೆಳಕವಾಡಿ ರಸ್ತೆಯಲ್ಲಿ ಏಳೆಂಟು ಕೋಣೆಯ ಹೋಂಸ್ಟೇ ನಡೆಸುವ ಹೆಂಗಸೊಬ್ಬರು ಬೋರ್‌ವೆಲ್ ಮೋಟಾರು ಸುಟ್ಟಿತೆಂದು ಹೇರಿಕೊಂಡು ಬಂದರು. ಮೈಸೂರಿನವರು, ಇಲ್ಲಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವರು ಬಂದ ಹೊತ್ತಿಗೆ ನಾನು ಮೂರು ಗುಂಡಿನ ಮಧ್ಯೆ ಸಿಕ್ಕಿಕೊಂಡು ಕುಣಿಯುತ್ತಿದ್ದೆ. ಮೋಟಾರಿನ ವಿಷಯ ಮರೆತು ನಿಂತು ನೋಡಿದರು.

"ನಮ್ಮಲ್ಲಿ ಬರೋರು ಬೆಳಿಗ್ಗೆ ಜಲಪಾತ ನೋಡಿ ಬಂದರೆ ಸಾಯಂಕಾಲವೆಲ್ಲ ಫೋನ್ ಹಿಡ್ಕೊಂಡು ಕೂತಿರ್ತಾರೆ," ಅಂದರು. "ಜಗಲಿ ಮೇಲೆ ಇಂಥದ್ದೊಂದು ಇದ್ದರೆ ಎಷ್ಟು ಚೆನ್ನ! ಆದರೆ ನನಗೆ ಇದರ ಗಂಧಗಾಳಿ ಗೊತ್ತಿಲ್ಲ ಮೇಡಂ. ಎಲ್ಲರಿಗಿಂತ ಜಾಸ್ತಿ ಆಡಿರೋರು ನೀವು. ಇದು ಹೇಗಿದೆ ಅಂತ ಮುಚ್ಚುಮರೆ ಇಲ್ಲದೆ ಬರೆದು ಕಳಿಸಿ. ಅದನ್ನ ಓದಿ ತೀರ್ಮಾನ ಮಾಡ್ತೀನಿ."

ನನ್ನ ಗಂಡ ಆ ಕಡೆ ತಿರುಗಿ ಕಾಯಿಲು ಸುತ್ತುವ ಯಂತ್ರದ ಹಿಡಿಯನ್ನು ಗಿರಗಿರ ತಿರುಗಿಸುತ್ತಿದ್ದರು. ಅದಕ್ಕೆ ತಂತಿಯನ್ನೇ ಹಾಕಿರಲಿಲ್ಲ.

ಒಂದು ವಾರ ನಾನು ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ಆ ಯಂತ್ರದ ಬೆನ್ನು ಬಿದ್ದೆ. ಶಾಲೆ ಬಿಟ್ಟ ಕೂಡಲೇ ಅಂಗಡಿ, ಪಕ್ಕದಲ್ಲಿ ನೋಟ್ ಪುಸ್ತಕ, ಕೈಯಲ್ಲಿ ಅದೇ ಕೆಂಪು ಪೆನ್ನು. ನಡುವಿನ ಅಣಬೆಗೆ ಬಡಿದ ಗುಂಡು ಎಡಗಡೆಯ ಚರಂಡಿಗೆ ನೇರವಾಗಿ ಇಳಿಯುತ್ತದೆ, ರೆಕ್ಕೆಗೆ ಎಟುಕುವುದೇ ಇಲ್ಲ, ಇದು ಆಡುವವರ ತಪ್ಪಲ್ಲ ಅಂತ ಬರೆದೆ. ಕರೆಂಟು ಸೊರಗಿದಾಗ ಬಲಗಡೆಯ ರೆಕ್ಕೆಗೆ ಜೋಮು ಹಿಡಿಯುತ್ತದೆ, ಗುಂಡು ಅರ್ಧ ದಾರಿ ಹೋಗಿ ವಾಪಸು ಬರುತ್ತದೆ ಅಂತ ಬರೆದೆ. ಪಿನ್‌ಬಾಲ್ ಯಂತ್ರವನ್ನು ಯಾರಾದರೂ ಹಿಡಿದು ಅಲುಗಾಡಿಸಿದರೆ ಅದು ಮೋಸವೆಂದು ಆಟ ನಿಂತುಬಿಡಬೇಕು, ಸರಿಯೇ. ಆದರೆ ಇದು ಅಂಗಡಿ ಹಿಂದಿನ ಹಳಿಯ ಮೇಲೆ ರೈಲು ಹೋದರೂ ನನ್ನನ್ನೇ ಕಳ್ಳಿ ಮಾಡಿ ದೀಪ ಆರಿಸುತ್ತದೆ. ಅದನ್ನೂ ಬರೆದೆ. ಮಾಡಿದವರು ಉದ್ದ ಇದ್ದಾರೆಂದು ಕಾಲೂ ಉದ್ದ, ನನ್ನಂಥವರು ತುದಿಗಾಲಲ್ಲಿ ನಿಲ್ಲಬೇಕು. ಗಾಜಿನ ಮೇಲೆ ಟ್ಯೂಬ್‌ಲೈಟು ಹೊಳೆದು ಮೂರನೆಯ ಗದ್ದೆ ಕಾಣುವುದಿಲ್ಲ. ಪಾಯಿಂಟು ತೋರಿಸುವ ಅಂಕಿಯಲ್ಲಿ ಎಂಟಕ್ಕೆ ಒಂದು ಗೆರೆ ಸತ್ತು ಆರಾಗಿ ಕಾಣುತ್ತದೆ, ನನ್ನ ಎಷ್ಟು ಪಾಯಿಂಟು ಹೀಗೆ ಮಣ್ಣುಪಾಲಾಯಿತೋ! ಕಬ್ಬು ಜೋಳದ ಹಾಗಿದೆ. ಹೀಗೇ ಸಾಗಿ ಸಾಗಿ ಹತ್ತೊಂಬತ್ತನೆಯದು: ಅಣೆಕಟ್ಟಿನ ಪಕ್ಕ ಬರೆದಿರುವ ಕೊಕ್ಕರೆ ಬಾತುಕೋಳಿಯ ಹಾಗಿದೆ.

ಹಾಳೆ ತುಂಬಿತು. ಓದಿ ನೋಡಿದೆ. ಎಷ್ಟು ತೃಪ್ತಿಯಾಯಿತೆಂದರೆ, ಕೆಳಗೆ ನನ್ನ ಸಹಿಯನ್ನೂ ಹಾಕಿ, ಫೋಟೋ ತೆಗೆದು ಆ ಹೆಂಗಸಿನ ಫೋನಿಗೆ ಕಳಿಸಿದೆ. ಗಂಡನಿಗೂ ಒಂದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಆಕೆಯಿಂದ ಉತ್ತರ ಬಂತು: "ಇಷ್ಟು ನೇರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಬೇಡ ಬಿಡಿ. ಭಾನುವಾರ ಬಂದು ಮೋಟಾರ್ ತಗೊಂಡು ಹೋಗ್ತೀನಿ."

ನಾನು ಎರಡು ಸಲ ಓದಿದೆ. ಬೇಡವಂತೆ! ಹತ್ತೊಂಬತ್ತು ಐಬು ಬರೆದುಕೊಟ್ಟ ಮೇಲೂ ಬೇಡವೇ? ಈಕೆಗೆ ಓದಲು ಬರುತ್ತದೋ ಇಲ್ಲವೋ ಅಂತ ನನಗೆ ನಿಜವಾಗಿ ಸಿಟ್ಟು ಬಂತು.

ನಿಮಗೆ ನಗು ಬರಬಹುದು. ಆದರೆ ನಾನು ಬಂಡೂರಿನ ಮಗಳು. ಕುರಿಗೆ ಹೆಸರಾದ ಊರು. ನಮ್ಮಪ್ಪ ಕುರಿ ನೋಡಿ ಆರಿಸುವುದರಲ್ಲಿ ಗಟ್ಟಿಗರು. ಅವರಿಗೆ ಒಂದು ಟಗರು ಮನಸ್ಸಿಗೆ ಹಿಡಿಯಿತು ಅಂದರೆ ಬಾಯಲ್ಲಿ ಅಪ್ಪಿತಪ್ಪಿಯೂ ಒಳ್ಳೆ ಮಾತು ಬರುತ್ತಿರಲಿಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ. ಬೆನ್ನ ಮೇಲೆ ಅಂಗೈ ಊರಿ, "ಏನ್ಲಾ ಇದು, ಕಾಲು ಇಷ್ಟು ಗಿಡ್ಡ? ಕಿವಿ ಏನ್ಲಾ ಇಂಗೆ? ಮೂತಿ ನೋಡು, ಸೊಟ್ಟ" ಅಂತ ಶುರು ಮಾಡುತ್ತಿದ್ದರು. ಗಿಡ್ಡ ಕಾಲೇ ನಮ್ಮ ತಳಿಯ ಲಕ್ಷಣ, ಅದೂ ಐಬಿನ ಲೆಕ್ಕಕ್ಕೇ! ಬೇಡವಾದ ಕುರಿಗೆ ಮಾತ್ರ "ಚೆಂದಾಗದೆ ಕಣಪ್ಪ" ಅಂದು ಮುಂದಕ್ಕೆ ಹೋಗುತ್ತಿದ್ದರು. ಮಾರುವವರಿಗೂ ಇದು ಗೊತ್ತು. ಒಬ್ಬ ಐಬು ಎಣಿಸುತ್ತ ನಿಂತನೆಂದರೆ ಅವರು ಆಗಲೇ ಗೂಟದಿಂದ ಹಗ್ಗ ಬಿಚ್ಚುತ್ತಿರುತ್ತಾರೆ. ನಮ್ಮಪ್ಪ ಯಾವ ಟಗರಿಗೂ ಹತ್ತು ಹನ್ನೊಂದರ ಮೇಲೆ ಐಬು ಹೇಳಿದ್ದು ನನಗೆ ನೆನಪಿಲ್ಲ. ನಾನು ಹತ್ತೊಂಬತ್ತು ಕೊಟ್ಟಿದ್ದೆ. ನನ್ನ ಜೀವಮಾನದಲ್ಲಿ ಯಾವ ವಸ್ತುವಿಗೂ ಅಷ್ಟು ಕೊಟ್ಟಿರಲಿಲ್ಲ.

ಇದನ್ನು ಹೇಳಲು ಓಡೋಡಿ ಅಂಗಡಿಗೆ ಹೋದೆ. ನಾನು ಕಳಿಸಿದ ಹಾಳೆ ಓದಿಯೇ ಇರಬೇಕು, ಯಂತ್ರಕ್ಕೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಗೋಡೆಯ ಕಡೆ ಸರಿಸಿಬಿಟ್ಟಿದ್ದರು. ಬೆಂಚಿನ ಮೇಲೆ ಒಂದು ಪಂಪ್‌ಸೆಟ್ಟು ಮಲಗಿತ್ತು. ಅವರು ಅದರ ಹಳೇ ತಂತಿ ಬಿಚ್ಚುತ್ತಿದ್ದರು.

"ಆ ಯಮ್ಮಂಗೆ ಅರ್ಥ ಆಗ್ನಿಲ್ಲ ಕಣ್ರೀ," ಅಂದೆ. "ನಾನು ಚೆನ್ನಾಗದೆ ಅಂತ್ಲೇ ಬರ್ದಿದ್ದು. ಅವ್ರು ನಮ್ಮ ಕಡೆಯೋರಲ್ಲ, ಉಲ್ಟಾ ತಿಳ್ಕೊಂಡವ್ರೆ."

"ಗೊತ್ತು ಬುಡು," ಅಂದರು.

"ನಿಮ್ಗಂತೂ ಅರ್ಥ ಆಯ್ತು ತಾನೆ?"

ಅವರು ಇಕ್ಕಳ ಕೆಳಗಿಟ್ಟು ನನ್ನ ಕಡೆ ನೋಡಿ ನಕ್ಕರು. "ಮಾರೋನ್ಗೆ ಗೊತ್ತಾಯ್ತದೆ, ತಗೊಳ್ಳೋನ್ಗೆ ಗೊತ್ತಾಯ್ತದೆ. ಕುರಿಗೆ ಗೊತ್ತಾಯ್ತದೇನಮ್ಮಿ? ಮೈಯೆಲ್ಲ ಮುಟ್ಟಿ ಮುಟ್ಟಿ ಐಬು ಯೋಳ್ತಾವ್ರೆ, ಅಂಗಂದ್ರೆ ನಾನು ಚೆಂದಾಗಿವ್ನಿ ಅಂತ ಅದು ತಿಳ್ಕೊಂಡದಾ?"

ತಮಾಷೆಗೇ ಅಂದದ್ದು. ಮತ್ತೆ ಇಕ್ಕಳ ಎತ್ತಿಕೊಂಡು ಕೆಲಸಕ್ಕೆ ಬಗ್ಗಿದರು. ನಾನು ಮಾತ್ರ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತಾರು ವರ್ಷ! ಅವರು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅಂದಿದ್ದೆ, ಮೂರು ಬಟ್ಟಲು ಕುಡಿದು. ಅವರು ಕಟ್ಟಿಸಿದ ಮನೆಯ ಮೆಟ್ಟಿಲು ಎತ್ತರ ಅಂದಿದ್ದೆ. ಮಗಳು ಹುಟ್ಟಿದಾಗ ತಾವೇ ಕೂತು ಒಂದು ತೊಟ್ಟಿಲು ಮಾಡಿದ್ದರು. ಅದನ್ನು ನೋಡಿ ನಾನು ಆಡಿದ ಮಾತು, "ಕಿರ್ ಅಂತದೆ." ಆಮೇಲೆ ಬಚ್ಚಲಿಗೆ ಹೋಗಿ ಸಂತೋಷಕ್ಕೆ ಅತ್ತಿದ್ದೆ. ಅತ್ತದ್ದು ಅವರಿಗೆ ಗೊತ್ತಿಲ್ಲ. ಕಿರ್ ಅಂದದ್ದು ಗೊತ್ತು. ಮಾರನೆಯ ದಿನವೇ ಎಣ್ಣೆ ಬಿಟ್ಟಿದ್ದರು, ಪಾಪ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಅವರು ತರಿಸಿಕೊಟ್ಟ ಕಾಫಿಗೆ ಸಕ್ಕರೆ ಕಡಿಮೆ ಅನ್ನುವುದನ್ನೂ ಮರೆತೆ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಬಂದು ನಾನೇ ಹಗ್ಗ ಬಿಚ್ಚಿ ಟಾರ್ಪಾಲು ತೆಗೆದೆ. ಈ ಸಲ ನೀಲಿ ಪೆನ್ನು. ಹಾಳೆಯ ಮೇಲೆ "ಒಳ್ಳೆಯದು" ಅಂತ ಬರೆದು, ಅಡಿಗೆರೆ ಎಳೆದು, ಒಂದು ಅಂತ ಅಂಕಿ ಹಾಕಿ ಸುಮ್ಮನೆ ಕೂತೆ. ಒಂದು ಸಾಲು ಬರಲಿಲ್ಲ. ಐಬು ಅಂದರೆ ಸರಸರ ಓಡುವ ಕೈ ಈಗ ಬೇರೆಯವರದಾಗಿತ್ತು. ಬರೆಯಲು ಹೋದರೆ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಕಿವಿ ಬಿಸಿಯಾಗುತ್ತಿತ್ತು. ಸರಿ, ಒಂದು ಆಟ ಆಡೋಣ ಅಂತ ಎದ್ದೆ.

ಗುಂಡು ಬಿಟ್ಟೆ. ನಡುವಿನ ಅಣಬೆಗೆ ಬಡಿದು ಎಡಕ್ಕೆ ತಿರುಗಿತು. ಹೋಯಿತು ಚರಂಡಿಗೆ ಅಂತ ನಾನು ಕೈ ಬಿಟ್ಟೆ. ಹೋಗಲಿಲ್ಲ. ಚರಂಡಿಯ ಬಾಯಲ್ಲಿ ಎಲ್ಲಿಂದಲೋ ಒಂದು ಸಣ್ಣ ರಬ್ಬರ್ ಗೂಟ ಹುಟ್ಟಿಕೊಂಡಿತ್ತು; ಗುಂಡು ಅದಕ್ಕೆ ತಾಗಿ ಮೆತ್ತಗೆ ಪುಟಿದು ರೆಕ್ಕೆಯ ಮೇಲೆ ಬಂದು ಕೂತಿತು.

"ಇದ್ಯಾವಾಗ ಹಾಕಿದ್ರಿ?"

"ಕಟ್ಟಿಡೋಕ್ಮುಂಚೆ," ಅಂದರು ಆ ಕಡೆಯಿಂದಲೇ. "ಅದೊಂದು ಐಬು ದಿಟವಾಗ್ಲೂ ಇತ್ತು ಕಣಮ್ಮಿ. ಮಿಕ್ಕಿದ್ದಕ್ಕೆ ನನ್ನ ಕೇಳ್ಬ್ಯಾಡ. ರೈಲು ಓಡ್ಸೋರ್ನ ಕೇಳು."

ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನಿಲ್ಲಲಿಲ್ಲ. ಆಡುವುದು, ಓಡಿಬಂದು ಬರೆಯುವುದು, ಮತ್ತೆ ಆಡುವುದು. ನಾಲ್ಕೂ ಗದ್ದೆಗೆ ನೀರು ಹತ್ತಿಸಿ ಮೂರು ಗುಂಡು ಬೀಳಿಸಿಕೊಂಡೆ. ಅಂಕಿ ನಾನು ಹಿಂದೆಂದೂ ಕಾಣದಷ್ಟು ಮೇಲಕ್ಕೆ ಹೋಯಿತು, ಅದರಲ್ಲಿ ಎಷ್ಟು ಎಂಟು ಎಷ್ಟು ಆರು ಅನ್ನುವುದು ದೇವರಿಗೇ ಗೊತ್ತು.

ಭಾನುವಾರ ಬೆಳಿಗ್ಗೆ ಆಕೆ ಬಂದರು. ನನ್ನ ಗಂಡ ಮೋಟಾರಿನ ಬೋಲ್ಟು ಬಿಗಿಯುತ್ತಿದ್ದರು, ಬಾಗಿಲಲ್ಲಿ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಂಡೂರಿನ ಕುರಿಯ ಕಥೆಯನ್ನು ಮೊದಲಿಂದ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಂದರೆ ಆ ಹತ್ತೊಂಬತ್ತೂ ಸುಳ್ಳಾ ಮೇಡಂ?"

"ಒಂದೂ ಸುಳ್ಳಲ್ಲ," ಅಂದೆ. "ಆದರೆ ಅರ್ಧ ಉತ್ತರ. ಇನ್ನರ್ಧ ಇಲ್ಲಿದೆ. ಕೂತು ಕೇಳಿ, ಆಮೇಲೆ ಬೇಡ ಅನ್ನಿ."

ಅರವತ್ತು ಮಕ್ಕಳ ಮುಂದೆ ನಡುಗದ ದನಿ ಒಬ್ಬರ ಮುಂದೆ ನಡುಗಿತು. ಒಬ್ಬರಲ್ಲ, ಇಬ್ಬರು. ಬೋಲ್ಟು ಬಿಗಿಯುವ ಸದ್ದು ನಿಂತಿತ್ತು.

"ಒಂದು," ಅಂತ ಓದಿದೆ. "ಇದರ ರೆಕ್ಕೆಗಳು. ಕರೆಂಟು ಸರಿಯಾಗಿದ್ದಾಗ ಬೆರಳು ಒತ್ತುವುದಕ್ಕೂ ರೆಕ್ಕೆ ಏಳುವುದಕ್ಕೂ ನಡುವೆ ತಡವೇ ಇಲ್ಲ. ತಟ್ಟಿ ಬಿಟ್ಟರೆ ಮೆತ್ತಗೆ, ಒತ್ತಿ ಹಿಡಿದರೆ ಜೋರಾಗಿ. ಇದರ ಕಾಯಿಲನ್ನು ಕೈಯಲ್ಲಿ ಸುತ್ತಲಾಗಿದೆ. ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ. ಸುತ್ತಿದವರಿಗಿಂತ ಚೆನ್ನಾಗಿ ತಂತಿ ಸುತ್ತುವವರನ್ನು ನಾನು ಕಂಡಿಲ್ಲ.

"ಎರಡು. ಇದರ ನಿಯಮ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ, ಆದರೆ ಆರು ತಿಂಗಳು ಆಡಿದರೂ ಬೇಸರ ಬರುವುದಿಲ್ಲ. ಅತಿ ಕಷ್ಟದ ಹೊಡೆತ ಕಾಲುವೆಯ ಕಡೆಯ ಗದ್ದೆಯದು. ಅದಕ್ಕೇ ಹೆಚ್ಚು ಪಾಯಿಂಟು. ಕಡೆಯ ಗದ್ದೆಗೆ ನೀರು ಹತ್ತಿದಾಗ ಆಗುವ ಖುಷಿ ಏನೆಂದು ಕಾಲುವೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ, ಕಾಣದವರಿಗೆ ಈ ಯಂತ್ರ ಹೇಳುತ್ತದೆ.

"ಮೂರು. ನಾನು ಆಡಿದ ಇನ್ನೊಂದು ಯಂತ್ರ, ಗುಂಡು ಕಳೆದುಕೊಂಡಾಗಲೆಲ್ಲ ಹ್ಹೆ ಹ್ಹೆ ಹ್ಹೆ ಅಂತ ನಗುತ್ತಿತ್ತು. ಇದು ಯಾರನ್ನೂ ಹಂಗಿಸುವುದಿಲ್ಲ. ಗುಂಡು ಬಿದ್ದರೆ ಸಣ್ಣಗೆ ಒಂದು ಸೈಕಲ್ ಗಂಟೆ ಬಾರಿಸಿ, ಮುಂದಿನ ಗುಂಡನ್ನು ತಂದು ಕೈಯ ಹತ್ತಿರ ಇಡುತ್ತದೆ. ಎಷ್ಟು ಸಲ ತಪ್ಪಿದರೂ ಹಾಗೇ. ಮಾಡಿದ ಮನುಷ್ಯನೂ ಹಾಗೇ. ಅವರ ಜೊತೆ ಇಪ್ಪತ್ತಾರು ವರ್ಷ ಇದ್ದು ಹೇಳುತ್ತಿದ್ದೇನೆ, ಇದು ಯಂತ್ರದಲ್ಲಿ ತಾನಾಗಿ ಬಂದ ಗುಣವಲ್ಲ."

ಇನ್ನೂ ಎರಡಿದ್ದವು, ಹಲಸಿನ ಮರದ ಬಗ್ಗೆ ಒಂದು, ದೀಪದ ಬಗ್ಗೆ ಒಂದು. ಅವನ್ನು ನೀವೇ ಓದಿಕೊಳ್ಳಿ ಅಂದೆ. ಹಾಳೆಯನ್ನು ಆಕೆಯ ಕೈಗೆ ಕೊಟ್ಟುಬಿಟ್ಟೆ.

ಆಕೆ ಓದಿ ಮುಗಿಸಿ, ಎದ್ದು ಹೋಗಿ ಯಂತ್ರದ ಮುಂದೆ ನಿಂತರು. ಕಡ್ಡಿ ಎಳೆದು ಬಿಟ್ಟರು. ಮೊದಲ ಗುಂಡು ಹೋದಷ್ಟೇ ವೇಗವಾಗಿ ಬಂದು ಎರಡು ರೆಕ್ಕೆಯ ನಡುವೆ ಬಿದ್ದುಹೋಯಿತು. ಟ್ರಿಣ್ ಅಂತು ಗಂಟೆ. ಆಕೆ ನಕ್ಕು ಎರಡನೆಯದನ್ನು ಎಳೆದರು. ಹತ್ತು ನಿಮಿಷಕ್ಕೆ ವ್ಯಾನಿಟಿ ಬ್ಯಾಗು ಬೆಂಚಿನ ಮೇಲಿತ್ತು. ಇಪ್ಪತ್ತು ನಿಮಿಷಕ್ಕೆ ಚಪ್ಪಲಿ ಬಾಗಿಲಲ್ಲಿತ್ತು. ಕಬ್ಬಿನ ಗದ್ದೆಗೆ ನೀರು ಹತ್ತಿಸಿದಾಗ ಕಿರುಚಿದ್ದು ನನಗಿಂತ ಜೋರು. ಟಯರ್ ಅಂಗಡಿಯವರು ಬಂದು ನೋಡಿ, ಹೊಸ ದನಿ ಅಂತ ತಲೆಯಾಡಿಸಿ ಹೋದರು.

"ಕಾಲು ಸ್ವಲ್ಪ ಗಿಡ್ಡ ಮಾಡಿಕೊಡಿ," ಅಂದರು ಕಡೆಗೆ, ನನ್ನ ಗಂಡನಿಗೆ. "ಆ ಎಂಟನ್ನೂ ಸರಿ ಮಾಡಿ. ಮುಂದಿನ ವಾರ ಗಾಡಿ ಕಳಿಸ್ತೀನಿ. ಬಾತುಕೋಳಿ ಮಾತ್ರ ಹಾಗೇ ಇರಲಿ, ನನಗೆ ಇಷ್ಟವಾಯ್ತು."

"ಅದು ಕೊಕ್ಕರೆ ಕಣಮ್ಮ," ಅಂದರು ಇವರು ಗಂಭೀರವಾಗಿ.

ಆಕೆಯ ಗಾಡಿ ಮೋಟಾರು ಹೇರಿಕೊಂಡು ಮಳವಳ್ಳಿ ರಸ್ತೆಯ ಕಡೆ ತಿರುಗಿತು. ನಾನು ಕೂಗಾಡಿ ಕುಣಿಯುತ್ತೇನೆ ಅಂದುಕೊಂಡಿದ್ದೆ. ಅವರು ಹೊಸದಕ್ಕೆ ಯಾವ ಮರ, ಏನು ಚಿತ್ರ ಅಂತ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವರು ಒಳಗೆ ಬಂದು ಕೈ ತೊಳೆದು, ಪಂಚೆಯ ತುದಿಯಲ್ಲಿ ಒರೆಸಿ, ಬೆಂಚಿನ ಮೇಲೆ ಆಕೆ ಬಿಟ್ಟುಹೋಗಿದ್ದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕಡೆ ಚಾಚಿದರು.

"ಆ ಮೂರ್ನೇದು ಇನ್ನೊಂದ್ಸಲ ಓದು."

"ಯಾಕೆ, ಕೇಳಿಸ್ನಿಲ್ವಾ?"

"ಕೇಳಿಸ್ತು," ಅಂದರು. "ಅವ್ರಿಗೆ ಓದಿದ್ದು ಕೇಳಿಸ್ತು. ಈಗ ನಂಗೆ ಓದು."

ಅವರು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತರು. ನಾನು ಓದಿದೆ.